ಚೆನ್ನಾಗಿದ್ದೇನೆ ಎಂದವರು

ನನ್ನ ಮಾವನ ಹೆಸರನ್ನು ನಾನು ಬಾಯಲ್ಲಿ ಹೇಳುವಂತಿಲ್ಲ. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಹಿಡಿಯುವುದು ನಮ್ಮ ಕಿರ್ಗಿಜರಲ್ಲಿ ಸಲ್ಲದ ಮಾತು. ಕರೆಯುವಾಗ ಆತಾ ಎನ್ನುತ್ತೇನೆ, ಅಪ್ಪ ಎಂದ ಹಾಗೆ. ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ: ಇಶೆನ್‌ಕುಲ್. ನಾರಿನ್ ಸೀಮೆಯ ಮದುವೆಗಳಲ್ಲಿ ಈ ಹೆಸರು ಕಿವಿಗೆ ಬಿದ್ದರೆ ಸಾಕು, ಜನ ಬಾಯಿಗೆ ಹೊರಟ ತುತ್ತನ್ನು ಕೆಳಗಿಡುತ್ತಿದ್ದರು. ನಗುವಾಗ ನೆತ್ತಿಗೇರಬಾರದಲ್ಲ.

ಆತಾ ನಗಿಸುವವರು. ಏಳಲೊಲ್ಲದ ಒಂಟೆ, ಮೊದಲ ಸಲ ಕಾರು ಓಡಿಸುವ ಮುಲ್ಲಾ, ತವರು ಬಿಡುವಾಗ ಅಳಬೇಕೆಂದರೂ ಅಳು ಬಾರದ ಮದುಮಗಳು, ಎಲ್ಲವೂ ಅವರೊಬ್ಬರ ಮೈಯಲ್ಲೇ ಇದ್ದವು. ವೇಷವಿಲ್ಲ, ಬಣ್ಣವಿಲ್ಲ, ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿಯನ್ನು ಇತ್ತ ಅತ್ತ ತಿರುಗಿಸಿದರೆ ಮುಗಿಯಿತು. ಅದು ಹಬ್ಬದ ದಿನಗಳ ಕೆಲಸ. ಉಳಿದ ದಿನಗಳಲ್ಲಿ ಅವರು ಗಣಿಯಲ್ಲಿ ಕಲ್ಲಿದ್ದಲು ಪುಡಿಮಾಡುವ ಯಂತ್ರದ ಪಕ್ಕ ನಿಂತು ಧೂಳು ಕುಡಿದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. "ಗಣಿಯಿಂದ ನನಗೆ ನಿವೃತ್ತಿ ಆಯ್ತು ಮಗಳೇ. ಗಣಿಗೆ ಮಾತ್ರ ನನ್ನಿಂದ ಇನ್ನೂ ಆಗಿಲ್ಲ," ಎಂದು ಎದೆ ಮುಟ್ಟಿ ತೋರಿಸುತ್ತಿದ್ದರು.

ಅವರ ಮಂಚದ ಪಕ್ಕ ಒಂದು ಆಕ್ಸಿಜನ್ ಯಂತ್ರವಿತ್ತು, ಚಕ್ರವಿರುವ ಸಣ್ಣ ಪೆಟ್ಟಿಗೆಯಂಥದ್ದು. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ತೆಳ್ಳಗಿನ ಕೊಳವೆಯಲ್ಲಿ ಮೂಗಿಗೆ ಬಿಡುತ್ತದೆ. ನಾವು ಕೊಂಡದ್ದಲ್ಲ, ಕೊಳ್ಳುವ ಶಕ್ತಿ ನಮಗಿಲ್ಲ. ದೀರ್ಘಕಾಲದ ಕಾಯಿಲೆಯವರಿಗೆಂದು ಸರ್ಕಾರದ ಆರೋಗ್ಯ ನಿಧಿ ಎರವಲು ಕೊಟ್ಟದ್ದು. ಅಂಗವೈಕಲ್ಯದ ಎರಡನೇ ದರ್ಜೆ ಇದ್ದವರಿಗಷ್ಟೇ ಅದು ಸಿಗುತ್ತದೆ. ಮೂರನೇ ದರ್ಜೆ ಎಂದರೆ ಕೂತು ಮಾಡುವ ಕೆಲಸಕ್ಕೆ ಲಾಯಕ್ಕು ಎಂದರ್ಥ, ಅಂಥವರಿಗೆ ಯಂತ್ರವಿಲ್ಲ. ಒಂದೇ ಸಮ ಗೊರಗುಟ್ಟುತ್ತಿದ್ದ ಅದನ್ನು ನನ್ನ ಮಗಳು ಬೆರ್ಮೆತ್ ಬೆಕ್ಕು ಎಂದುಕೊಂಡಿದ್ದಳು. ಹಿಂಬದಿಯ ಜಾಳಿಗೆಯಲ್ಲಿ ರೊಟ್ಟಿಯ ಚೂರು ತುರುಕುತ್ತಿದ್ದಳು. ವಾರಕ್ಕೊಮ್ಮೆ ಅದನ್ನು ಬಿಚ್ಚಿ ತೊಳೆಯುವುದು ನನ್ನ ಕೆಲಸ.

ಗಣಿಯ ಧೂಳು ಎದೆಯಿಂದ ತಾನಾಗಿ ಎದ್ದು ಹೋಗಿದೆಯೋ ಎಂದು ವೈದ್ಯ ಮಂಡಳಿ ವರ್ಷಕ್ಕೊಮ್ಮೆ ಪರೀಕ್ಷಿಸುತ್ತದೆ. ಮೊದಲೆಲ್ಲ ಕಾಗದ ಪತ್ರ ಕಳಿಸಿದರೆ ನಡೆಯುತ್ತಿತ್ತು. ಈ ವರ್ಷ ರೋಗಿಯೇ ಬಂದು ಮುಖ ತೋರಿಸಬೇಕೆಂದು ಆಜ್ಞೆ ಬಂತು.

ಹೋಗುವ ದಿನ ಬೆಳಿಗ್ಗೆ ಅತ್ತೆ ಮದುವೆಮನೆಯ ಕೋಟು ತೆಗೆದು ಇಸ್ತ್ರಿ ಮಾಡುತ್ತಿದ್ದರು. ಅವರನ್ನು ನಾನು ಅಪಾ ಎನ್ನುತ್ತೇನೆ, ಅಮ್ಮ ಎಂದ ಹಾಗೆ; ವಯಸ್ಸಾದ ಹೆಂಗಸರೆಲ್ಲ ನಮಗೆ ಅಪಾಗಳೇ.

"ಅಪಾ, ಮನೆ ಬಟ್ಟೆಲೇ ಹೋದ್ರೆ ಒಳ್ಳೇದಲ್ವಾ? ಕಾಯಿಲೆ ನೋಡೋಕೆ ತಾನೇ ಕರೆದಿರೋದು?" ಎಂದೆ.

"ಬೇಡೋಕೆ ಹೊರಟಿದ್ದೀವಾ ನಾವು? ನಾಲ್ಕು ಜನದ ಮುಂದೆ ಮಾಸಿದ ಕಾಲರ್ ಹಾಕ್ಕೊಂಡು ನಿಂತ್ರೆ ಆ ಮನೇಲಿ ಸೊಸೆ ಇಲ್ವಾ ಅಂತ ನಿನ್ನನ್ನೇ ಆಡ್ಕೋತಾರೆ."

ಆತಾ ಬೆಳಗಿನಿಂದ ಯಂತ್ರದ ಮುಂದೆ ಕೂತಿದ್ದರು. ಗಡ್ಡ ಬೋಳಿಸಿಕೊಳ್ಳುವಾಗಲೂ ಕೊಳವೆ ತೆಗೆಯಲಿಲ್ಲ. ಮದುವೆಗೆ ಹೋಗುವ ಮುಂಚೆ ದನಿ ಕಾಯ್ದುಕೊಳ್ಳುತ್ತಿದ್ದ ಹಾಗೆ ಈಗ ಉಸಿರು ಕಾಯ್ದುಕೊಳ್ಳುತ್ತಿದ್ದರು. ಪಕ್ಕದ ಮನೆಯ ಮಾರಿಪ್ ಕಾರು ತಂದ. ದಾರಿಗೆಂದು ಆಸ್ಪತ್ರೆಯಿಂದ ಆಕ್ಸಿಜನ್ ತುಂಬಿಸಿ ತಂದಿದ್ದ ರಬ್ಬರಿನ ದಿಂಬನ್ನು ಆತಾ ತೊಡೆಯ ಮೇಲಿಟ್ಟುಕೊಂಡು, ಮಗು ಬಾಟಲಿ ಹಿಡಿದ ಹಾಗೆ ಹಿಡಿದು, ಜಿಲ್ಲಾ ಕೇಂದ್ರದವರೆಗೂ ಹೀರಿದರು. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ನಾನು ದಿಂಬನ್ನು ಕೈಗೆತ್ತಿಕೊಂಡೆ.

"ಅದನ್ನ ಕಾರಲ್ಲೇ ಬಿಡು."

"ಬೇಕಾಗುತ್ತೆ ಆತಾ."

"ದಿಂಬು ಹಿಡ್ಕೊಂಡು ಹೋದ್ರೆ ಮುದುಕ ಮಲಗೋಕೆ ಬಂದಿದ್ದಾನೆ ಅಂತಾರೆ. ಬಿಡು."

ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಇದ್ದ ಡಾಕ್ಟರು ಉಮ್ಸುನಾಯ್ ಮಂಡಳಿಯ ಮುಖ್ಯಸ್ಥೆ. ಆತಾ ಒಳಗೆ ಕಾಲಿಟ್ಟದ್ದೇ ತಡ, ಡಾಕ್ಟರ ಮುಖ ಅರಳಿತು, ಅಣ್ಣ ಎಂಬ ಮರ್ಯಾದೆಯ ಬೈಕೆ ಬಾಯಿಗೆ ಬಂತು.

"ಅಯ್ಯೋ, ಇಶೆನ್‌ಕುಲ್ ಬೈಕೆ! ನೀವಾ? ನನ್ನ ತಂಗಿ ಮದುವೇಲಿ ಒಂಟೆ ಆಗಿದ್ರಲ್ಲ, ನೆನಪಿದ್ಯಾ? ನಮ್ಮ ಸೋದರಮಾವ ನಕ್ಕೂ ನಕ್ಕೂ ಹಲ್ಲಿನ ಸೆಟ್ಟು ಸಾರಲ್ಲಿ ಬೀಳಿಸ್ಕೊಂಡ್ರು!"

"ಸಿಕ್ತಾ ಆಮೇಲೆ?"

"ಸಿಕ್ತು. ಬೀಗರ ಬಟ್ಟಲಲ್ಲಿ!"

ಮೂವರೂ ನಕ್ಕರು. ಆಮೇಲೆ ಡಾಕ್ಟರು ಪೆನ್ನು ಕೈಗೆತ್ತಿಕೊಂಡು, "ಹೇಗಿದ್ದೀರಿ ಬೈಕೆ? ಮೈ ಹೇಗಿದೆ?" ಎಂದು ಕೇಳಿದರು.

"ದೇವರ ದಯೆ, ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಮ್ಮ? ಮಕ್ಕಳು, ದನಕರು ಎಲ್ಲ ಕ್ಷೇಮಾನಾ?"

ಹಾಗೆ ಕೇಳಿದವರಿಗೆ ಬೇರೆ ಉತ್ತರ ಕೊಡುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲ. ಕ್ಷೇಮ ಕೇಳಿದ ಕಿರಿಯರ ಮೇಲೆ ತನ್ನ ಕಾಯಿಲೆ ಹೊರಿಸುವುದು, ಬಾಗಿಲಿಗೆ ಬಂದವರ ತಲೆ ಮೇಲೆ ಮುಸುರೆ ಸುರಿದ ಹಾಗೆ. ಡಾಕ್ಟರು ಬರೆದುಕೊಂಡರು. ನಾನು ಬಾಗಿಲ ಬಳಿ ನಿಂತಿದ್ದೆ.

"ಡಾಕ್ಟರ್, ಯಂತ್ರ ಇಲ್ದೆ ಇವರಿಗೆ ಅಂಗಳ ದಾಟೋಕೂ ಆಗಲ್ಲ," ಎಂದೆ.

ಆತಾ ತಿರುಗಿ ನೋಡಿದರು. ಸಿಟ್ಟಿನ ನೋಟವಲ್ಲ, ನಾಚಿಕೆಯದು. "ನಮ್ಮ ಸೊಸೆ ಒಳ್ಳೇ ಹುಡುಗಿ. ಕೋಳಿ ಕೆಮ್ಮಿದ್ರೂ ಡಾಕ್ಟರ ಹತ್ರ ಓಡ್ತಾಳೆ," ಎಂದರು. ಮತ್ತೆ ನಗು. ಆ ನಗುವಿನಲ್ಲಿ ನನ್ನ ಮಾತು ಮುಳುಗಿತು. ಹಿರಿಯರು ಹೇಳಿದ್ದನ್ನು ಹೊರಗಿನವರ ಮುಂದೆ ಎರಡನೇ ಸಲ ಅಲ್ಲಗಳೆಯುವ ಸೊಸೆಯನ್ನು ನಾನಿನ್ನೂ ಕಂಡಿಲ್ಲ.

ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದ ಆಕ್ಸಿಜನ್ ನೋಡಿದರು. ಬೆಳಗಿನಿಂದ ಹೀರಿದ ಉಸಿರು ಇನ್ನೂ ಮೈಯಲ್ಲಿತ್ತು. "ಪರವಾಗಿಲ್ವೇ!" ಎಂದರು ಡಾಕ್ಟರು. "ಇನ್ನು ಒಂಟೆ ತೋರಿಸ್ದೆ ನಿಮ್ಮನ್ನ ಬಿಡಲ್ಲ."

ಆತಾ ಕಲ್ಪಾಕನ್ನು ಹಿಂದಕ್ಕೆ ತಳ್ಳಿ, ತುಟಿ ಜೋತುಬಿಟ್ಟು, ಏಳಲೊಲ್ಲದ ಒಂಟೆಯಾದರು. ಚಿಕ್ಕದಾಗಿ, ಕುರ್ಚಿಯಲ್ಲಿ ಕೂತೇ. ಪಕ್ಕದ ಕೋಣೆಯವರೂ ಬಂದು ಇಣುಕಿದರು. ಕೊನೆಗೆ ಅಂಗೈ ಚಾಚಿ ಎಲ್ಲರನ್ನೂ ಹರಸಿದರು, ಮೂವರೂ ಅಂಗೈಯಲ್ಲಿ ಮುಖ ಸವರಿಕೊಂಡು ಓಮಿನ್ ಎಂದರು. ನೆಟ್ಟಗೆ ನಡೆದು ಹೊರಗೆ ಬಂದ ಆತಾ, ಕಾರಿನ ಬಾಗಿಲು ಮುಚ್ಚಿದ ಮೇಲೆ ದಿಂಬಿಗಾಗಿ ಕೈ ಚಾಚಿದರು. ತುಟಿ ಶಾಯಿ ಬಣ್ಣಕ್ಕೆ ತಿರುಗಿತ್ತು. ಮಾರಿಪ್ ಹೆದರಿ ಗಾಡಿ ಓಡಿಸುವುದನ್ನೇ ಮರೆತ.

ತೀರ್ಮಾನ ಬಂತು: ಸ್ಥಿತಿ ಸುಧಾರಿಸಿದೆ, ಮೂರನೇ ದರ್ಜೆ.

ಯಂತ್ರ ಒಯ್ಯಲು ಬಂದದ್ದು ನಮ್ಮೂರ ನರ್ಸು, ನಾವೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಗುಲ್‌ಸಾನ್ ಎಜೆ. ಒಳಗೆ ಬರಲು ಮುಜುಗರವಾಗಿ ಹೊಸ್ತಿಲಲ್ಲೇ ಬೂಟಿನ ಹಿಮ ಕೊಡವುತ್ತ ನಿಂತಿದ್ದರು. "ನನ್ನನ್ನ ಬೈಬೇಡಿ. ಮೇಲಿಂದ ಎರಡು ಸಲ ಫೋನ್ ಬಂತು. ಸರದೀಲಿ ಇನ್ನೊಬ್ರು ಕಾಯ್ತಿದ್ದಾರಂತೆ, ತಾರ್‌ಸೂ ಹಳ್ಳಿಯ ಕುಲೈಮ್ ಅಪಾ. ಅವರ ತುಟಿ ನೋಡಿದ್ರೆ..."

"ಅವರ ತುಟಿ ವಿಷಯ ಆಮೇಲೆ. ಮೊದಲು ಚಹಾ ಕುಡಿ," ಎಂದರು ಆತಾ. ನಮ್ಮ ಅಪಾ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ತುಂಬಿದ ತಟ್ಟೆ ಮುಂದಿಟ್ಟರು. ಎಜೆ ಒಂದನ್ನು ಮುರಿದು ಚಹಾ ಬಟ್ಟಲ ಪಕ್ಕ ಇಟ್ಟರು. ಆತಾ ತಾವೇ ಮೂಗಿನ ಕೊಳವೆ ಕಳಚಿ, ಸುರುಳಿ ಸುತ್ತಿ, ಯಂತ್ರದ ಮೇಲಿಟ್ಟರು. ಬೆರ್ಮೆತ್ ಬೆಕ್ಕು ಹೋಗುತ್ತಿದೆಯೆಂದು ಬೀದಿ ಬಾಗಿಲವರೆಗೂ ಅಳುತ್ತ ಹಿಂದೆ ನಡೆದಳು.

ಆಮೇಲೆ ದಿಂಬೇ ಗತಿಯಾಯಿತು. ಅಪಾ ಒಂದು ದಿನ, ನಾನು ಒಂದು ದಿನ, ಜಿಲ್ಲಾ ಆಸ್ಪತ್ರೆಗೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದೆವು. ಬೆನ್ನಿಗೆ ದಿಂಬು, ಎದೆಗೆ ಮಗು. ಮನೆ ಸೇರುವಷ್ಟರಲ್ಲಿ ದಿಂಬು ಸ್ವಲ್ಪ ಬಾಡಿರುತ್ತಿತ್ತು. ನನ್ನ ಗಂಡ ಎರ್ಮೆಕ್ ವೆಲ್ಡಿಂಗ್ ಕೆಲಸದವನು. ಅವನು ಬಾಯಿ ಸರಿಯಾಗಿ ಮುಚ್ಚದ ಆಕ್ಸಿಜನ್ ಸಿಲಿಂಡರ್ ಒಂದನ್ನು ಎಲ್ಲಿಂದಲೋ ತಂದು, ಅದು ಉಪಯೋಗಕ್ಕೆ ಬಾರದೆಂದು ಗೊತ್ತಾದ ಮೇಲೆ ಅಂಗಳದ ಮೂಲೆಯಲ್ಲಿ ಉರುಳಿಸಿದ. ಆತಾ ಈಗ ಮಲಗುತ್ತಿರಲಿಲ್ಲ, ಕೂತೇ ಕಣ್ಣು ಮುಚ್ಚುತ್ತಿದ್ದರು. ಮಾತನ್ನು ತುಂಡು ತುಂಡು ಮಾಡಿ ಆಡುತ್ತಿದ್ದರು. ನಗಿಸುವ ಮಾತಿಗೆ ಹೊತ್ತು ಮುಖ್ಯ. ನಡುವೆ ಉಸಿರು ಎಳೆದುಕೊಂಡರೆ ನಗು ತಣ್ಣಗಾಗುತ್ತದೆ. ಹಾಗಾಗಿ ಅವರು ಮಾತನ್ನೇ ಕಡಿಮೆ ಮಾಡಿದರು.

ಮಂಡಳಿ ಇನ್ನೊಮ್ಮೆ ಕೂರುವ ಮುಂಚೆ ಮರುಪರಿಶೀಲನೆ ಕೇಳಬಹುದೆಂದು ಗುಲ್‌ಸಾನ್ ಎಜೆ ಹೇಳಿದರು. ಆದರೆ ಆತಾ ಮತ್ತೆ ಹೋಗಬೇಕು, ದಿಂಬು ಮುಟ್ಟದೆ ಹೋಗಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆತಾ ಒಲ್ಲೆ ಎಂದರು.

ಅಪಾ ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತರು. "ಅಲ್ಲಾ ಮುದುಕಪ್ಪಾ, ಊರಿಗೆ ಊರೇ ಸೇರಿದ ಕಡೆ ಕತ್ತೆ ಥರ ಅರಚೋಕೆ ನಿಮಗೆ ನಾಚಿಕೆ ಆಗ್ಲಿಲ್ಲ. ಮೂರು ಜನದ ಮುಂದೆ ಉಸಿರು ಕಟ್ಟುತ್ತೆ ಅನ್ನೋಕೆ ನಾಚಿಕೆನಾ?"

"ಕತ್ತೆ... ಬೇರೆಯವರದ್ದು," ಎಂದರು ಆತಾ. ಉಸಿರು ಎಳೆದುಕೊಂಡರು. "ಇದು ನನ್ನದು."

ಅಪಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು ಒಲೆಯ ಕಡೆ ಹೋದರು. ಆತಾ ಅವರ ಬೆನ್ನನ್ನೇ ನೋಡಿದರು. ಗಂಡನನ್ನು ಎತ್ತಿ ಕೂರಿಸಿ ಕೂರಿಸಿ ಅಪಾ ಈಗೀಗ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದರು. ಅವರು ಚಹಾ ತಂದಿಟ್ಟಾಗ ಆತಾ ಬಟ್ಟಲು ಮುಟ್ಟದೆ, "ಮಾರಿಪ್‌ಗೆ ಹೇಳಿ," ಎಂದರು.

ಈ ಸಲ ಮನೆಯ ಅಂಗಿ, ದಿಂಬು ಇಲ್ಲ. ಕಾರಿನಿಂದ ಮಂಡಳಿಯ ಕೋಣೆಯವರೆಗೆ ಆತಾ ನನ್ನ ಹೆಗಲ ಮೇಲೆ ಭಾರ ಬಿಟ್ಟು, ನಿಂತು ನಿಂತು ನಡೆದರು. ಬಾಗಿಲು ತೆರೆದಾಗ ಅವರ ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು, ಕಣ್ಣು ಹೊರಗೆ ಬಂದಿತ್ತು, ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು.

ಡಾಕ್ಟರು ಉಮ್ಸುನಾಯ್ ಕೈ ತಟ್ಟಿ ನಕ್ಕರು. "ಬೈಕೆ, ಬೈಕೆ! ಇದ್ಯಾರು? ಹೊಸಾದಾ? ಬಾಗಿಲಿಂದಲೇ ಶುರು ಮಾಡ್ಬಿಟ್ರಾ!" ಪಕ್ಕದವರೂ ನಕ್ಕರು. ಒಬ್ಬಾತ, "ನಮ್ಮ ಹಳೇ ಆಂಬುಲೆನ್ಸ್ ಇದು, ಥೇಟ್ ಹೀಗೇ ಹತ್ತುತ್ತೆ ಗುಡ್ಡಾನ," ಎಂದ.

ಆತಾ ನಡು ಕೋಣೆಯಲ್ಲಿ ನಿಂತುಬಿಟ್ಟರು. ಜೀವಮಾನವಿಡೀ ಆ ನಗುವಿಗಾಗಿ ಬಾಳಿದವರು, ಅದಕ್ಕೆ ಏನು ಮಾಡಬೇಕೆಂದು ಅವರ ಮೈಗೆ ಗೊತ್ತಿತ್ತು. ಕಲ್ಪಾಕ್ ತೆಗೆದು ಅರ್ಧ ಬಾಗಿದರು. ಬಾಗಿದವರು ಏಳಲಿಲ್ಲ, ಮೊಣಕಾಲ ಮೇಲೆ ಕುಸಿದರು. ನಗು ಇನ್ನಷ್ಟು ಜೋರಾಯಿತು.

"ಆಟ ಅಲ್ಲ ಇದು!" ಎಂದು ನಾನು ಕಿರುಚಿದೆ. "ಬೆರಳಿಗೆ ಹಾಕಿ ನೋಡಿ! ಬೆರಳಿಗೆ ಹಾಕಿ!"

ಕ್ಲಿಪ್ಪು ಹಾಕಿದ ಡಾಕ್ಟರ ಮುಖದಲ್ಲಿ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಉಳಿದು, ಕಣ್ಣಿನಿಂದ ಹೋಯಿತು. ಆಕ್ಸಿಜನ್ ತರಿಸಿದರು. ತಾವೇ ನೆಲದ ಮೇಲೆ ಕೂತು ಆತಾನ ಬಾಯಿಗೆ ಮಾಸ್ಕ್ ಹಿಡಿದರು. "ಮೊದಲೇ ಯಾಕೆ ಹೇಳ್ಲಿಲ್ಲ ಬೈಕೆ? ನಾನು ಕೇಳಿದ್ನಲ್ಲ, ಹೇಗಿದ್ದೀರಿ ಅಂತ ಕೇಳಿದ್ನಲ್ಲ," ಎಂದು ಅದನ್ನೇ ಅದನ್ನೇ ಹೇಳುತ್ತಿದ್ದರು. ಆತಾ ಅವರ ಕೈಯನ್ನು ಮೆಲ್ಲಗೆ ತಟ್ಟಿದರು, ಸಮಾಧಾನ ಬೇಕಾದದ್ದು ಅವರಿಗೇ ಎನ್ನುವ ಹಾಗೆ.

ಎರಡನೇ ದರ್ಜೆ ಮರಳಿ ಬಂತು. ಯಂತ್ರ ಬರಲಿಲ್ಲ. ಇದ್ದ ಯಂತ್ರ ತಾರ್‌ಸೂವಿಗೆ ಹೋಗಿಯಾಗಿತ್ತು, ನಿಧಿಯಲ್ಲಿ ಬೇರೆ ಇರಲಿಲ್ಲ. ಯಾರದಾದರೂ ತೆರವಾದಾಗ ನಿಮ್ಮ ಸರದಿ ಎಂದರು. ತೆರವಾಗುವುದು ಎಂದರೇನೆಂದು ಯಾರೂ ಬಿಡಿಸಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಮಗಳನ್ನು ಕಟ್ಟಿಕೊಂಡು ನಾನು ಗುಲ್‌ಸಾನ್ ಎಜೆಯ ಜೊತೆ ತಾರ್‌ಸೂವಿಗೆ ಹೋದೆ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಅಲ್ಲಿ ಯಂತ್ರ ಸುಮ್ಮನಿರುತ್ತದೆಯೋ ನೋಡೋಣವೆಂದು. ಕುಲೈಮ್ ಅಪಾ ಡೈರಿಯಲ್ಲಿ ಹಾಲು ಕರೆದು ಮುದುಕಿಯಾದ ವಿಧವೆ. ಒಲೆಯ ಹೊಗೆ, ಒಣಹುಲ್ಲಿನ ಧೂಳು ಅವರ ಎದೆಯನ್ನೂ ತಿಂದಿದ್ದವು. ನಾನು ಬಂದ ಕಾರಣ ಹೇಳುವ ಮೊದಲೇ ಅವರಿಗೆ ತಿಳಿಯಿತು.

"ನೀನು ಆ ಒಂಟೆಯಪ್ಪನ ಸೊಸೆ ಅಲ್ವಾ? ಅವರ ಉಸಿರನ್ನ ಕಿತ್ಕೊಂಡು ಕೂತಿದ್ದೀನಿ ಅಂತ ದಿನಾ ಅನ್ಸುತ್ತೆ ನನಗೆ. ಕರ್ಕೊಂಡು ಬಾ ಅವರನ್ನ."

"ಯಂತ್ರಾನ ಕೊಟ್ಟ ಮನೆಯಿಂದ ಆಚೆ ತಗೊಂಡು ಹೋಗೋ ಹಾಗಿಲ್ಲ," ಎಂದು ಗುಲ್‌ಸಾನ್ ಎಜೆ ರಾಗ ಎಳೆದರು.

"ಯಂತ್ರ ಹೋಗೋದು ಬೇಡ. ಅತಿಥಿ ಮನೆಗೆ ಬರಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ?"

ಎಲ್ಲೂ ಬರೆದಿರಲಿಲ್ಲ. ದಿನಾ ಮಾರಿಪ್ ಆತಾನನ್ನು ತಾರ್‌ಸೂವಿಗೆ ಬಿಡುತ್ತಿದ್ದ, ನಾನೂ ಬೆರ್ಮೆತಳೂ ಜೊತೆಗೆ. ಆತಾನನ್ನು ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ, ಐದು ಮಡಿಕೆಯ ಹಾಸಿಗೆಯ ಮೇಲೆ ಕೂರಿಸುತ್ತಿದ್ದರು. ಕೂತೊಡನೆ ಕುಲೈಮ್ ಅಪಾ ತಮ್ಮ ಮೂಗಿನಿಂದ ಕೊಳವೆ ತೆಗೆದು, ಆತಾಗೆಂದೇ ಇಟ್ಟ ಬೇರೆ ತುದಿ ಸಿಕ್ಕಿಸಿ, ಎರಡೂ ಕೈಯಲ್ಲಿ ಚಹಾ ಕೊಡುವ ಹಾಗೆ ಕೊಡುತ್ತಿದ್ದರು.

"ಮೊದಲು ನೀವು," ಎನ್ನುತ್ತಿದ್ದರು ಆತಾ.

"ನಾನು ಬೆಳಗಿಂದ ಹೊಟ್ಟೆ ತುಂಬ ಕುಡಿದಿದ್ದೀನಿ."

"ನಾನು ದಾರಿಯುದ್ದಕ್ಕೂ ದಿಂಬು ಹೀರ್ಕೊಂಡೇ ಬಂದಿದ್ದೀನಿ."

"ಗಂಡಸ್ರು ಇಷ್ಟು ಉಪಚಾರ ಹೇಳಿಸ್ಕೋಬಾರದು, ಹಿಡೀರಿ."

ಆತಾ ಸೋಲುತ್ತಿದ್ದರು. ಅತಿಥಿ ಯಾವಾಗಲೂ ಸೋಲಲೇಬೇಕು. ಉಸಿರು ಕೂಡಿಕೊಂಡ ಮೇಲೆ ಋಣ ತೀರಿಸುವವರಂತೆ ಅಳಲು ಬಾರದ ಮದುಮಗಳನ್ನು ಕೂತಲ್ಲೇ ಆಡಿ ತೋರಿಸುತ್ತಿದ್ದರು. ಕುಲೈಮ್ ಅಪಾ ನಕ್ಕು, ಕೆಮ್ಮಿ, ಕಣ್ಣೀರು ಒರೆಸಿಕೊಂಡು, "ಸಾಕು ಮಾರಾಯ್ರೇ, ಸತ್ತೋಗ್ತೀನಿ," ಎನ್ನುತ್ತಿದ್ದರು. ಆತಾ ಕೊಳವೆ ತೆಗೆಯಲು ಹೋದರೆ, "ಇರ್ಲಿ ಇರ್ಲಿ, ನಾನು ಚೆನ್ನಾಗಿದ್ದೀನಿ," ಎನ್ನುತ್ತಿದ್ದರು. ಆತಾ ಮನೆಯಲ್ಲೂ ಸ್ವಲ್ಪ ಮಲಗುವಂತಾದರು. ನಮ್ಮ ಅಪಾನ ಮುಖಕ್ಕೆ ಬಣ್ಣ ಬಂತು.

ಕುಲೈಮ್ ಅಪಾನ ಸೊಸೆ ಝಿಪಾರ್ ನನ್ನ ವಯಸ್ಸಿನವಳು. ಒಂದು ದಿನ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದಳು: "ನೀವು ಹೊರಟ ಮೇಲೆ ಅತ್ತೆ ಉಸಿರಿಗೆ ಒದ್ದಾಡ್ತಾ ಗೋಡೆಗೆ ಹಣೆ ಹಚ್ಚಿ ಕೂರ್ತಾರೆ. ಸಂಜೆವರೆಗೂ ಮಾತಿಲ್ಲ. ನಿಮ್ಮವರಿಗೆ ಹೇಳಬೇಡ ಅಂದಿದ್ದಾರೆ. ನಾನು ಹೇಳ್ಲಿಲ್ಲ ಅಂದ್ಕೋ."

ದಾರಿಯಲ್ಲಿ ನಾನು ಆತಾಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಮರುದಿನ ಮಾರಿಪ್ ಬಂದಾಗ ಮೈಗೆ ಸರಿಯಿಲ್ಲವೆಂದು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ತಾರ್‌ಸೂವಿನಿಂದ ಕುಲೈಮ್ ಅಪಾ ಬಿಸಿ ಕೆನೆ ಕಳಿಸಿ, "ನಮ್ಮನೆ ಚಹಾ ರುಚಿಸ್ಲಿಲ್ವಾ?" ಎಂದು ಕೇಳಿ ಕಳಿಸಿದರು. ಅಷ್ಟರಲ್ಲಿ ಹಿಮಗಾಳಿ ಎದ್ದಿತು, ಕರೆಂಟು ಹೋಯಿತು, ರಸ್ತೆ ಮುಚ್ಚಿತು. ರಸ್ತೆ ತೆರೆದ ದಿನ ಕುಲೈಮ್ ಅಪಾ ತೀರಿಕೊಂಡ ಸುದ್ದಿ ಬಂತು.

"ಯಾರ ತಪ್ಪೂ ಅಲ್ಲ," ಎಂದರು ಗುಲ್‌ಸಾನ್ ಎಜೆ. "ಕರೆಂಟು ಇಲ್ಲದೆ ಯಂತ್ರ ತಾನೇ ಏನು ಮಾಡುತ್ತೆ? ಅವರ ಎದೇಲಿ ಮೊದಲೇ ಏನೂ ಉಳಿದಿರ್ಲಿಲ್ಲ." ಇರಬಹುದು. ಅವರು ನರ್ಸು, ನನಗಿಂತ ಹೆಚ್ಚು ತಿಳಿದವರು. ಆದರೆ ನಾವು ಹೋಗುತ್ತಿದ್ದ ಅಷ್ಟು ದಿನ ಆ ಕೊಳವೆ ಯಾರ ಮೂಗಿನಲ್ಲಿತ್ತು ಎಂಬುದು ನನಗೆ ಗೊತ್ತು, ಆತಾಗೂ ಗೊತ್ತು.

ತೆರವಾದ ಯಂತ್ರ ನಮ್ಮ ಮನೆಗೆ ಬಂತು. ಎಜೆ ಅದನ್ನು ಮಂಚದ ಪಕ್ಕ ಹಳೆಯ ಜಾಗದಲ್ಲೇ ನಿಲ್ಲಿಸಿದರು. ಮೇಲೆ ಹೂ ಕಸೂತಿಯ ಬಿಳಿ ಬಟ್ಟೆಯಲ್ಲಿ ಕೊಳವೆ ಸುತ್ತಿಟ್ಟಿತ್ತು. ನಾನು ಅಭ್ಯಾಸದಂತೆ ಹಿಂಬದಿ ಬಿಚ್ಚಿ ನೋಡಿದೆ. ಜಾಳಿಗೆಯನ್ನು ತೊಳೆದು, ಒಣಗಿಸಿ, ಮತ್ತೆ ಕೂರಿಸಿತ್ತು. ಸಾವಾದ ಮನೆ, ಬಂದು ಹೋಗುವ ಜನ, ಅದರ ನಡುವೆ ಝಿಪಾರ್ ಅದಕ್ಕೆ ಹೊತ್ತು ಮಾಡಿಕೊಂಡಿದ್ದಳು.

ಅಪಾ ಸ್ವಿಚ್ಚು ಹಾಕಿದರು. ಆತಾ ಕೊಳವೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ಗಾಳಿ ಅವರ ಅಂಗೈಯಲ್ಲಿ ಸೋರಿ ಹೋಗುತ್ತಿತ್ತು. ಕೊನೆಗೆ ಅಪಾನೇ ಅದನ್ನು ತೆಗೆದುಕೊಂಡು ಅವರ ಮೂಗಿಗೆ ಸಿಕ್ಕಿಸಿ, ಕಿವಿಯ ಹಿಂದೆ ಸರಿಮಾಡಿದರು. ಆತಾ ಬೇಡವೆನ್ನಲಿಲ್ಲ.

ಆ ಬಿಳಿ ಬಟ್ಟೆಯನ್ನು ನಾನು ಒಗೆದು, ಮಡಿಸಿ ಇಟ್ಟಿದ್ದೇನೆ. ಹಿಂತಿರುಗಿಸಬೇಕು. ಇನ್ನೊಬ್ಬರ ಮನೆಯ ಬಟ್ಟೆಯನ್ನು ಬರಿದಾಗಿ ಕಳಿಸುವ ಹಾಗಿಲ್ಲ, ಏನಾದರೂ ಕಟ್ಟಿ ಕಳಿಸಬೇಕು. ಏನು ಕಟ್ಟಲಿ ಎಂದು ಅಪಾನನ್ನು ಕೇಳಿದೆ, ಅವರಿಗೂ ತೋಚಲಿಲ್ಲ. ಆತಾನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.